ಗೊಬ್ಬೂರಿನ ಭಜನೆಯೂ ಗೋಳಗುಮ್ಮಟವೂ

ಕಲಬುರಗಿ ಜಿಲ್ಲೆಯ ಗೊಬ್ಬೂರಿನಂಥ ಊರಿನಲ್ಲಿ ರಾತ್ರಿ ಭಜನೆ ನಡೆಯುವಾಗ ಮೈಕ್‌ಸೆಟ್ಟಿನ ಹತ್ತಿರ ನಿಂತು ನೋಡಿ. ದನಿ ಏರಿಸುವ ಗುಂಡಿಯ ಪಕ್ಕದಲ್ಲಿ ‘ಎಕೋ’ ಎಂಬ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ತುಸು ತಿರುಗಿಸಿದರೆ ತತ್ವಪದ ಹಾಡುವವರ ದನಿ ಗುಡಿಯೊಳಗಿಂದ ಬಂದಂತೆ ತುಂಬಿಕೊಳ್ಳುತ್ತದೆ. ಇನ್ನಷ್ಟು ತಿರುಗಿಸಿದರೆ ದನಿ ಉಳಿಯುತ್ತದೆ, ಪದ ಕಳೆದುಹೋಗುತ್ತದೆ. ತತ್ವಪದದಲ್ಲಿ ಪದವೇ ಹೋದರೆ ಉಳಿಯುವುದೇನು? ಈ ಗುಂಡಿಯ ಚರಿತ್ರೆಯನ್ನು ತುಸು ನೋಡೋಣ.

ಗುಂಡಿಯು ಅನುಕರಿಸುವ ವಿದ್ಯಮಾನ ಭೀಮಾ ನದಿಯ ಆಚೆ, ವಿಜಯಪುರದಲ್ಲಿಯೇ ಇದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಶಬ್ದವು ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್ ಸಾಗಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್, ಅಂದರೆ 0.22 ಸೆಕೆಂಡು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾದ ಶಬ್ದವನ್ನು ಕಿವಿ ಬೇರೆಯಾಗಿ ಗುರುತಿಸುವುದರಿಂದ ಪ್ರತಿಧ್ವನಿಗಳು ಬಿಡಿಬಿಡಿಯಾಗಿ ಕೇಳುತ್ತವೆ. ಅಲ್ಲಿನ ಮಾರ್ಗದರ್ಶಿಗಳು ಏಳು ಸಲ ಎನ್ನುತ್ತಾರೆ. ನೀವೇ ಎಣಿಸಿ ನೋಡಬಹುದು. ಗೋಡೆಗುಂಟ ಸಾಗುವ ಪಿಸುಮಾತಿನ ಕಥೆ ಬೇರೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅದನ್ನು 1921ರಲ್ಲಿ ಪರೀಕ್ಷಿಸಿದವರಲ್ಲಿ ನಮ್ಮ ಸಿ.ವಿ. ರಾಮನ್ ಒಬ್ಬರು.

ಧ್ವನಿಮುದ್ರಣದ ಕೋಣೆಯ ಗೋಡೆಗಳು ಶಬ್ದವನ್ನು ಹೀರುತ್ತವೆ. ಹಾಗೆ ಮುದ್ರಿಸಿದ ದನಿ ಒಣಗಿದಂತೆ ಕೇಳುತ್ತದೆ. ಅದಕ್ಕೆ ಜೀವ ತುಂಬಲು ಎಂಜಿನಿಯರುಗಳು ಮೊದಲು ಖಾಲಿ ಕೋಣೆಯೊಂದರಲ್ಲಿ ಧ್ವನಿವರ್ಧಕವನ್ನೂ ಮೈಕನ್ನೂ ಇಟ್ಟರು. 1947ರಲ್ಲಿ ಶಿಕಾಗೊದ ಬಿಲ್ ಪಟ್ನಮ್ ಸ್ಟುಡಿಯೊದ ಬಚ್ಚಲುಮನೆಯನ್ನೇ ಇದಕ್ಕೆ ಬಳಸಿದರು. (ಬಚ್ಚಲಲ್ಲಿ ಎಲ್ಲರೂ ಗಾಯಕರಾಗುವುದು ಸುಮ್ಮನೆ ಅಲ್ಲ!) 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಕೋಣೆಯ ಬದಲು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯನ್ನು ತೂಗುಹಾಕಿ ಕಂಪಿಸಿತು.

ಇವೆಲ್ಲ ಅನುರಣನ. ಬಿಡಿ ಪ್ರತಿಧ್ವನಿಯನ್ನು ಕೊಟ್ಟದ್ದು ಟೇಪು. ಮುದ್ರಿಸುವ ಹೆಡ್ಡಿಗೂ ಓದುವ ಹೆಡ್ಡಿಗೂ ನಡುವೆ 5 ಸೆಂ.ಮೀ. ಅಂತರವಿದ್ದು, ಟೇಪು ಸೆಕೆಂಡಿಗೆ 38 ಸೆಂ.ಮೀ. ಓಡಿದರೆ ದನಿ 0.13 ಸೆಕೆಂಡು ತಡವಾಗುತ್ತದೆ. ಆ ಅಂತರವನ್ನು 8.4 ಸೆಂ.ಮೀ. ಮಾಡಿ, ಗೋಳಗುಮ್ಮಟದ 0.22 ಸೆಕೆಂಡು ಸಿಗುತ್ತದೆ! 1954ರಲ್ಲಿ ಮೆಂಫಿಸ್ ನಗರದಲ್ಲಿ ಸ್ಯಾಮ್ ಫಿಲಿಪ್ಸ್ ಎಲ್ವಿಸ್ ಪ್ರೆಸ್ಲಿಯ ದನಿಗೆ ಟೇಪಿನ ಇಂಥ ಒಂದೇ ಮರುದನಿ ಸೇರಿಸಿದರು. 1966ರಲ್ಲಿ ಲಂಡನ್ನಿನ ಕೆನ್ ಟೌನ್‌ಸೆಂಡ್ ತಡವನ್ನು ಇನ್ನೂ ಬಹಳ ಕಿರಿದಾಗಿಸಿದರು. ಆಗ ಪ್ರತಿಧ್ವನಿ ಕೇಳುವುದಿಲ್ಲ, ಒಬ್ಬನೇ ಹಾಡುಗಾರ ಇಬ್ಬರಾದಂತೆ ಕೇಳುತ್ತದೆ. ಅನುರಣನವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಹುಟ್ಟಿಸುವ ದಾರಿಯನ್ನು ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲೇ ತೋರಿಸಿದ್ದರು. ಭಜನೆಯ ಪೆಟ್ಟಿಗೆಯಲ್ಲಿ ಈಗ ಇರುವುದು ಬೆರಳುಗುರಿನಷ್ಟು ದೊಡ್ಡ ಚಿಪ್ಪು.

ಇನ್ನು ಪದ ಕಳೆದುಹೋಗುವ ಪ್ರಶ್ನೆ. ‘ಕತೆ’, ‘ಕತ್ತೆ’ ಎಂದು ಹೇಳಿ ನೋಡಿ. ಒತ್ತಕ್ಷರದಲ್ಲಿ ನಾಲಿಗೆ ಹಲ್ಲಿಗೆ ತಾಗಿ ದನಿ ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ. ಆ ಮೌನದ ಉದ್ದವೇ ಎರಡು ಪದಗಳನ್ನು ಮುಖ್ಯವಾಗಿ ಬೇರ್ಪಡಿಸುವುದು. ಹಿಂದಿನ ‘ಕ’ದ ಪ್ರತಿಧ್ವನಿ ಸರಿಯಾಗಿ ಆ ಮೌನದೊಳಗೆ ಬಂದು ಬಿದ್ದರೆ ಕತ್ತೆಯೂ ಕತೆಯಾದೀತು! ಒತ್ತಕ್ಷರ ತುಂಬಿದ ನಮ್ಮ ಭಾಷೆಗೆ ಈ ಗುಂಡಿ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಶಿಕ್ಷಕರು ತರಗತಿಯಲ್ಲಿ ಮೈಕ್‌ಸೆಟ್ ತರಿಸಿ, ಇಂಥ ಹತ್ತು ಜೋಡಿ ಪದಗಳನ್ನು ಪರದೆಯ ಹಿಂದಿನಿಂದ ಓದಿಸಿ, ಗುಂಡಿಯ ಯಾವ ಸ್ಥಾನದಲ್ಲಿ ವಿದ್ಯಾರ್ಥಿಗಳು ತಪ್ಪಲಾರಂಭಿಸುತ್ತಾರೆ ಎಂದು ಗುರುತು ಹಾಕಬಹುದು.

ಸ್ಟುಡಿಯೊದಲ್ಲಿ ಅನುಭವಿಗಳು ಸಾಲಿನುದ್ದಕ್ಕೂ ಪ್ರತಿಧ್ವನಿ ಬಿಡುವುದಿಲ್ಲ. ಸಾಲಿನ ಕೊನೆಯ ಪದಕ್ಕೆ ಮಾತ್ರ ಬಿಟ್ಟು, ಮುಂದಿನ ಸಾಲು ಶುರುವಾಗುವ ಮುನ್ನ ಮುಚ್ಚುತ್ತಾರೆ. ಭಜನೆಯಲ್ಲಿ ಪಲ್ಲವಿ ಮುಗಿದು ತಾಳದ ಸದ್ದಷ್ಟೇ ಇರುವ ಹೊತ್ತಿನಲ್ಲಿ ಮೈಕಿನವನೂ ಹಾಗೆಯೇ ಕೈಯಾಡಿಸಬಹುದು.