ಕೈಯನ್ನು ಬಲ್ಲವರು, ವಸ್ತುವನ್ನು ಬಲ್ಲವರು

ಬೆರಳ ಗಂಟುಗಳಲ್ಲಿ ನೋವಿರುವ ಅಜ್ಜಿಯರನ್ನು ಕೇಳಿ ನೋಡಿ. ಬಾಗಿಲಿನ ಗುಂಡನೆಯ ಹಿಡಿಯನ್ನು ತಿರುಗಿಸುವುದು ಅವರಿಗೊಂದು ಸಾಹಸ. ಅದೇ ಬಾಗಿಲಿಗೆ ಉದ್ದನೆಯ ಅಡ್ಡಹಿಡಿ ಹಾಕಿದರೆ ಮೊಣಕೈಯಿಂದ ಒತ್ತಿಯೂ ತೆರೆಯಬಹುದು. ಕೈ ಅದೇ, ಬಾಗಿಲೂ ಅದೇ. ಹಾಗಾದರೆ ಕೊರತೆ ಇದ್ದದ್ದು ಕೈಯಲ್ಲೋ, ಹಿಡಿಯಲ್ಲೋ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಇಬ್ಬರು. ಒಬ್ಬರು ಆಕ್ಯುಪೇಷನಲ್ ಥೆರಪಿಸ್ಟರು. ಇದನ್ನು ಔದ್ಯೋಗಿಕ ಚಿಕಿತ್ಸೆ ಎನ್ನುವುದುಂಟು. ಆದರೆ ಇಲ್ಲಿ ಉದ್ಯೋಗವೆಂದರೆ ಸಂಬಳದ ನೌಕರಿಯಷ್ಟೇ ಅಲ್ಲ. ಸ್ನಾನ, ಉಡುಗೆ, ಅಡುಗೆ, ಬರವಣಿಗೆ ಹೀಗೆ ದಿನವನ್ನು ತುಂಬುವ ಎಲ್ಲ ಕೆಲಸವೂ. ಕಾಯಿಲೆಯಿಂದಲೋ ಅಪಘಾತದಿಂದಲೋ ಇವು ಕೈತಪ್ಪಿದವರಿಗೆ ಮತ್ತೆ ಕೈಗೂಡುವಂತೆ ಮಾಡುವುದು ಅವರ ವಿದ್ಯೆ. ಇನ್ನೊಬ್ಬರು ವಸ್ತುವಿಗೆ, ಕಟ್ಟಡಕ್ಕೆ ರೂಪ ಕೊಡುವ ವಿನ್ಯಾಸಕಾರರು. ಇಂದು ಬೇರೆ ಬೇರೆ ಕಾಲೇಜುಗಳಲ್ಲಿ ಕಲಿಸುವ ಈ ಎರಡು ವಿದ್ಯೆಗಳು ಆರಂಭದಲ್ಲಿ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದವು ಎಂಬುದು ಸ್ವಾರಸ್ಯದ ಸಂಗತಿ.

ಆತ ಅಮೆರಿಕದ ಜಾರ್ಜ್ ಎಡ್ವರ್ಡ್ ಬಾರ್ಟನ್. ವೃತ್ತಿಯಿಂದ ವಾಸ್ತುಶಿಲ್ಪಿ. ಕ್ಷಯರೋಗ ಆತನ ಬೆನ್ನು ಹತ್ತಿತ್ತು. ಮುಂದೆ ಹಿಮದ ಹೊಡೆತಕ್ಕೆ ಸಿಕ್ಕ ಕಾಲ್ಬೆರಳುಗಳನ್ನು ಕತ್ತರಿಸಬೇಕಾಯಿತು. ಅದರ ಹಿಂದೆಯೇ ದೇಹದ ಎಡಭಾಗ ಸ್ವಾಧೀನ ತಪ್ಪಿತು. 1914ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಮನೆಯೊಂದನ್ನು ಕೊಂಡು, ಬಡಗಿ ಕೆಲಸ, ತೋಟದ ಕೆಲಸ ಮಾಡುತ್ತ ಆತ ಚೇತರಿಸಿಕೊಂಡ. ಆ ಮನೆಗೆ ‘ಕನ್ಸೋಲೇಷನ್ ಹೌಸ್’, ಅಂದರೆ ಸಾಂತ್ವನದ ಮನೆ, ಎಂದು ಹೆಸರಿಟ್ಟ. 1917ರ ಮಾರ್ಚ್‌ನಲ್ಲಿ ಆಕ್ಯುಪೇಷನಲ್ ಥೆರಪಿಯ ರಾಷ್ಟ್ರೀಯ ಸಂಘ ಹುಟ್ಟಿದ್ದು ಅಲ್ಲಿಯೇ. ಬಾರ್ಟನ್ ಅದರ ಮೊದಲ ಅಧ್ಯಕ್ಷ. ರೋಗಿ, ವಿನ್ಯಾಸಕಾರ, ಚಿಕಿತ್ಸಕ ಮೂವರೂ ಆತನೊಬ್ಬನೇ.

ಮುಂದಿನ ತಿಂಗಳೇ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಗಾಯಾಳು ಸೈನಿಕರ ಆರೈಕೆಯಲ್ಲಿ ಈ ಚಿಕಿತ್ಸೆ ಆಸ್ಪತ್ರೆಯೊಳಗೆ ಬೇರೂರಿತು. ವಿನ್ಯಾಸಕಾರರು ಕಾರ್ಖಾನೆಯ ಕಡೆ ನಡೆದರು. ಅಲ್ಲಿ ತಯಾರಾದ ಹೆಚ್ಚಿನ ವಸ್ತುಗಳಿಗೆ ಗಟ್ಟಿಮುಟ್ಟಾದ ಕೈಯೇ ಅಳತೆಗೋಲು. ಆ ಅಳತೆಗೆ ಹೊಂದದವರಿಗೆ ಆಸ್ಪತ್ರೆಯ ಸಲಕರಣೆಗಳೇ ಗತಿಯಾದವು.

ಈ ಅಗಲಿಕೆಯನ್ನು ಸರಿಪಡಿಸಲು ಮುಂದಾದವರಲ್ಲಿ ಸ್ವೀಡನ್ನಿನ ಮರಿಯಾ ಬೆಂಕ್ಟ್‌ಸನ್ ಮತ್ತು ಸ್ವೆನ್-ಎರಿಕ್ ಯೂಲಿನ್ ಮುಖ್ಯರು. 1970ರ ದಶಕದಲ್ಲಿ ಅವರು ಬಲಗುಂದಿದ ಕೈಗಳ ಹಿಡಿತವನ್ನೇ ಅಭ್ಯಾಸ ಮಾಡಿ ಅಡುಗೆಮನೆಯ ಚಾಕುವೊಂದನ್ನು ರೂಪಿಸಿದರು. ಅದರ ಹಿಡಿ ಗರಗಸದ ಹಿಡಿಯಂತೆ ನೆಟ್ಟಗೆ. ಹಾಗಾಗಿ ಮಣಿಕಟ್ಟು ಬಾಗಬೇಕಿಲ್ಲ. ನಮ್ಮ ಈಳಿಗೆಮಣೆಯಲ್ಲಿ ಅಲಗನ್ನು ಮಣೆಯೇ ಹಿಡಿದುಕೊಳ್ಳುವಂತೆ, ಇಲ್ಲಿ ಬ್ರೆಡ್ಡನ್ನು ಒಂದು ಚೌಕಟ್ಟು ಹಿಡಿದುಕೊಳ್ಳುತ್ತದೆ.

1990ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಆಕ್ಸೊ ಗುಡ್ ಗ್ರಿಪ್ಸ್ ಉಪಕರಣಗಳ ಕಥೆ ಇನ್ನೂ ಪ್ರಸಿದ್ಧ. ಸಂಧಿವಾತದಿಂದ ನರಳುತ್ತಿದ್ದ ಪತ್ನಿ ಬೆಟ್ಸಿ ಸಿಪ್ಪೆ ಹೆರೆಯಲು ಪಡುತ್ತಿದ್ದ ಪಾಡನ್ನು ಕಂಡು ಸ್ಯಾಮ್ ಫಾರ್ಬರ್ ದಪ್ಪನೆಯ, ಮೆತ್ತನೆಯ ಹಿಡಿಯ ಉಪಕರಣ ಮಾಡಿಸಿದರು ಎಂಬುದು ಎಲ್ಲರೂ ಹೇಳುವ ಕಥೆ. ನೋವಿಲ್ಲದವರಿಗೂ ಅದು ಹಿಡಿಸಿತು. ಆದರೆ ಬೆಟ್ಸಿ ವಾಸ್ತುಶಿಲ್ಪ ಕಲಿತವರು. ಆ ಕಲ್ಪನೆಯಲ್ಲಿ ತಮ್ಮ ಪಾಲಿತ್ತೆಂದು ಅವರೇ ಹೇಳಿದ್ದುಂಟು. ಬಾರ್ಟನ್‌ನನ್ನು ಸ್ಥಾಪಕನೆಂದು ನೆನೆದ ಚರಿತ್ರೆ ಬೆಟ್ಸಿಯನ್ನು ಮಾತ್ರ ನೋಯುವ ಕೈಯೆಂದು ನೆನೆಯಿತು. ತೊಂದರೆ ಅನುಭವಿಸುವವರೂ ವಿನ್ಯಾಸದಲ್ಲಿ ಪಾಲುದಾರರೆಂದು ಒಪ್ಪುವುದು ನಮಗಿನ್ನೂ ಕಷ್ಟ.

ಭಾರತಕ್ಕೆ ಈ ವಿದ್ಯೆಯನ್ನು ತಂದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಎಲಿಜಬೆತ್ ಲುಂಡಿಯಾಗಿ ಹುಟ್ಟಿ, ವಿಷ್ಣು ನಿಂಬಕರ್ ಅವರನ್ನು ಮದುವೆಯಾಗಿ ಇಲ್ಲಿಯವರೇ ಆದವರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ನಮ್ಮ ಮಣಿಪಾಲದಲ್ಲೂ ಈ ಶಿಕ್ಷಣವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಾರ್ವತ್ರಿಕ ವಿನ್ಯಾಸ’ವನ್ನು, ಅಂದರೆ ಸಾಧ್ಯವಾದಷ್ಟೂ ಎಲ್ಲರೂ ಬಳಸಬಲ್ಲ ವಿನ್ಯಾಸವನ್ನು, ಕಾನೂನಿನ ಮಾತಾಗಿಸಿದೆ.

ಆದರೂ ಎಷ್ಟೋ ಕಡೆ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿದರೆ ಕೆಲಸ ಮುಗಿಯಿತೆಂಬ ಭಾವನೆ ಇದೆ. 1 ಅಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಸಾಮಾನ್ಯ ಲೆಕ್ಕ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯನ್ನು ತಳ್ಳುವ ತೋಳು ಸೋಲುತ್ತದೆ. ಆ ತೋಳಿನ ಶಕ್ತಿ ಎಷ್ಟೆಂದು ಥೆರಪಿಸ್ಟ್ ಬಲ್ಲರು, ಕುರ್ಚಿಯಲ್ಲಿ ಕೂತವರು ಇನ್ನೂ ಚೆನ್ನಾಗಿ ಬಲ್ಲರು. ಸಿಮೆಂಟು ಸುರಿಯುವ ಮೊದಲು, ನಕ್ಷೆ ಇನ್ನೂ ಮೇಜಿನ ಮೇಲಿರುವಾಗಲೇ, ಅವರಿಬ್ಬರನ್ನೂ ಕರೆದು ಕೇಳಬೇಕು.