ಕೊಡ, ಡಬ್ಬಿ ಮತ್ತು ಒಂದು ತೂತು

ನಲ್ಲಿ ಕೆಳಗೆ ಕೊಡ ಇಟ್ಟು ಒಳಗೆ ಬಂದು ಕೂತ ಅಮ್ಮ, ಅದು ತುಂಬ್ತಾ ಬಂತು ಅನ್ನೋದನ್ನ ಯಾವತ್ತೂ ಕಣ್ಣಿಂದ ನೋಡಿದವಳಲ್ಲ. ಕಿವಿಯಲ್ಲೇ ತಿಳ್ಕೊಂಡು ಎದ್ದು ಹೋಗ್ತಿದ್ದಳು. ನೀರು ಏರಿದ ಹಾಗೆ ಒಳಗಿನ ಗಾಳಿಗೆ ಜಾಗ ಕಮ್ಮಿಯಾಗುತ್ತೆ, ದಪ್ಪ ಸದ್ದು ಸಣ್ಣ ಸದ್ದಾಗುತ್ತೆ. ಅಷ್ಟೇ ವಿಷಯ. ಆದರೆ ಈ ಅಷ್ಟೇ ವಿಷಯ ನನಗೆ ನೆನಪಾಗಿದ್ದು ಪ್ಲೈವುಡ್ ಕೊಯ್ದು, ಅಂಟು ಹಾಕಿ, ಮೊಳೆ ಹೊಡೆದಾದ ಮೇಲೆ :)

ನಮ್ಮೂರು ಅಜ್ಜಂಪುರ. ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ತಿಂಗಳಿಗೊಮ್ಮೆ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕಾರಲ್ಲಿ ಕರ್ಕೊಂಡು ಹೋಗಬೇಕು. ದಾರಿಯುದ್ದಕ್ಕೂ ಅವರಿಗೆ ಡೊಳ್ಳು ಕೇಳಬೇಕು. ಪ್ರಾಯದಲ್ಲಿ ಸ್ವತಃ ಡೊಳ್ಳು ಕಟ್ಟಿ ಕುಣಿದವರು. ಬಾಗಿಲಲ್ಲಿರೋ ಪುಟ್ಟ ಸ್ಪೀಕರ್‌ಗಳಲ್ಲಿ ಅದು ಎಣ್ಣೆ ಡಬ್ಬ ಬಡಿದ ಹಾಗೆ ಕೇಳ್ತಿತ್ತು. "ಇದು ಡೊಳ್ಳೇನೋ?" ಅಂತ ಒಂದ್ಸಲ ಕೇಳಿಬಿಟ್ರು. ಸರಿ, ತಮ್ಮ ಕಡೂರಿಗೆ ಹೋಗಿ 10 ಇಂಚಿನ ಸಬ್‌ವೂಫರ್ ತಂದ. ತರೀಕೆರೆಯ ಆಚಾರ್ರು ಡಬ್ಬಿ ಮಾಡಿಕೊಡ್ತೀನಿ ಅಂದ್ರು. ಲೆಕ್ಕ ನಂದು. ಷರತ್ತು ಒಂದೇ: ಡಿಕ್ಕಿಯ ಅರ್ಧ ಜಾಗ ಅಪ್ಪನ ಗಾಲಿಕುರ್ಚಿಗೆ ಬಿಡಬೇಕು.

ಲೆಕ್ಕ ಹಾಕೋಕೆ ಕೂತಾಗ ಇದರ ಚರಿತ್ರೆ ಓದ್ತಾ ಹೋದೆ. ಮಜಾ ಇದೆ, ಕೇಳಿ.

ಗಾಳಿ ತುಂಬಿದ ಡಬ್ಬಿ, ಅದಕ್ಕೊಂದು ಬಾಯಿ, ಬಾಯಿಗೊಂದು ಕತ್ತು.. ಇಷ್ಟಿದ್ದರೆ ಅದಕ್ಕೊಂದು ಸ್ವಂತ ಸ್ವರ ಇರುತ್ತೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದನ್ನ ಅಳೆದು ತೂಗಿ 1863ರ ತನ್ನ ಪುಸ್ತಕದಲ್ಲಿ ಬರೆದ. ಡಬ್ಬಿ ದೊಡ್ಡದಾದರೆ ಸ್ವರ ಇಳಿಯುತ್ತೆ, ಬಾಯಿ ಅಗಲವಾದರೆ ಏರುತ್ತೆ, ಕತ್ತು ಉದ್ದವಾದರೆ ಮತ್ತೆ ಇಳಿಯುತ್ತೆ. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಅವರು ತಮ್ಮನ್ನ ರೂಪಿಸಿದ ಮೂರು ಪುಸ್ತಕಗಳಲ್ಲಿ ಇದೂ ಒಂದು ಅಂತ ಹೇಳಿಕೊಂಡಿದ್ದಾರೆ. ಅವರು ನಮ್ಮ ಮೃದಂಗ, ತಬಲಾಗಳ ನಾದದ ಬಗ್ಗೆ 1920ರಲ್ಲೇ ಬರೆದಿದ್ದರು.

ಹೆಲ್ಮ್‌ಹೋಲ್ಟ್ಸ್ ಕಾಲದಲ್ಲಿ ಸ್ಪೀಕರ್ ಇರಲಿಲ್ಲ. ಇವತ್ತಿನ ಸ್ಪೀಕರ್‌ನ ಮೂಲರೂಪ ಬಂದಿದ್ದು 1925ರಲ್ಲಿ, ರೈಸ್ ಮತ್ತು ಕೆಲಾಗ್ ಅನ್ನೋ ಅಮೆರಿಕದ ಇಬ್ಬರು ಎಂಜಿನಿಯರುಗಳಿಂದ. ಸ್ಪೀಕರ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದೆ ಎಳೆಯುತ್ತೆ. ಡಬ್ಬಿ ಇಲ್ಲದಿದ್ದರೆ ಮುಂದಿನದು ಹಿಂದಿನದು ಸೇರಿ ದಪ್ಪ ಸದ್ದು ಅಲ್ಲೇ ವಜಾ. ಹಿಂದಿನ ಸದ್ದನ್ನ ಡಬ್ಬಿಯಲ್ಲಿ ಕೂಡಿಹಾಕಿ ಸಾಯಿಸೋ ಬದಲು ಒಂದು ಕೊಳವೆಯಿಂದ ಹೊರಗೆ ಬಿಟ್ಟು ದುಡಿಸಿಕೊಳ್ಳೋಣ ಅಂದವನು ಬೆಲ್ ಪ್ರಯೋಗಾಲಯದ ಥುರಾಸ್. 1930ರಲ್ಲಿ ಅರ್ಜಿ ಹಾಕಿದ, 1932ರಲ್ಲಿ ಪೇಟೆಂಟ್ ಸಿಕ್ತು. ತೂತಿರೋ ಡಬ್ಬಿಗಳ ಮೂಲಪುರುಷ ಇವನೇ.

ಆದರೆ ಯಾವ ಸ್ಪೀಕರ್‌ಗೆ ಎಷ್ಟು ದೊಡ್ಡ ಡಬ್ಬಿ, ಎಷ್ಟು ದೊಡ್ಡ ತೂತು? ಅದು ಬಹಳ ಕಾಲ ಹೆಚ್ಚುಕಮ್ಮಿ ಅಂದಾಜಿನ ಬಾಬತ್ತೇ ಆಗಿತ್ತು. ಸಿಡ್ನಿಯ ಇ.ಎಂ.ಐ.ನಲ್ಲಿದ್ದ ನೆವಿಲ್ ಥೀಲೆ ಅನ್ನೋವ್ರು 1961ರಲ್ಲಿ ಸ್ಪೀಕರ್, ಡಬ್ಬಿ, ತೂತು ಮೂರನ್ನೂ ಒಂದೇ ಫಿಲ್ಟರ್ ಅಂತ ನೋಡಿ, 28 ಬಗೆಯ ಹೊಂದಾಣಿಕೆಗಳ ಪಟ್ಟಿ ಕೊಟ್ಟರು. ಅದು ಆಸ್ಟ್ರೇಲಿಯಾದ ಪತ್ರಿಕೆ, ಹೊರಗಿನವರು ಹೆಚ್ಚು ಓದಲಿಲ್ಲ. 1971ರಲ್ಲಿ ಅಮೆರಿಕದ ಆಡಿಯೋ ಎಂಜಿನಿಯರುಗಳ ಪತ್ರಿಕೆ ಮರುಮುದ್ರಿಸಿದ ಮೇಲೆ ಲೋಕದ ಕಣ್ಣು ತೆರೀತು. ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲ್ 1972-73ರಲ್ಲಿ ಅದನ್ನ ಇನ್ನೂ ಬೆಳೆಸಿದರು. ಇವತ್ತು ಸಬ್‌ವೂಫರ್ ಜೊತೆ ಬರೋ ಚೀಟಿಯಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಇರುತ್ತಲ್ಲ, ಅವೇ ಥೀಲೆ-ಸ್ಮಾಲ್ ಸಂಖ್ಯೆಗಳು. ಕಡೂರಿಂದ ಬಂದ ಡಬ್ಬದೊಳಗೂ ಆ ಚೀಟಿ ಇತ್ತು!

ನಾನು ಚೀಟಿ ನೋಡಿ 50 ಲೀಟರ್ ಡಬ್ಬಿ, 35 ಹರ್ಟ್ಸ್ ಸ್ವರ ಅಂತ ತೀರ್ಮಾನ ಮಾಡಿದೆ. 3 ಇಂಚಿನ ಪಿವಿಸಿ ಪೈಪಾದರೆ ಉದ್ದ 16 ಸೆಂ.ಮೀ. 4 ಇಂಚಾದರೆ 31. ಚಿಕ್ಕದೇ ಸಾಕು ಅಂದ್ಕೊಂಡೆ. ಆಚಾರ್ರು 50×40×25 ಸೆಂ.ಮೀ. ಡಬ್ಬಿ ಮಾಡಿದರು. ಕಾರಲ್ಲಿಟ್ಟು ಡೊಳ್ಳು ಹಾಕಿದರೆ ಒಂದೇ ಸ್ವರ ಗುಂಯ್ ಅನ್ನುತ್ತೆ, ಪ್ರತಿ ಪೆಟ್ಟಿಗೂ ಪೈಪು ಹಾವಿನ ಹಾಗೆ ಭುಸ್ ಅನ್ನುತ್ತೆ. ಅಪ್ಪ ಏನೂ ಹೇಳಲಿಲ್ಲ, ಕಿಟಕಿ ಕಡೆ ತಿರುಗಿದರು. ಅದೇ ಹೆಚ್ಚು ಚುಚ್ಚಿದ್ದು.

ನಾನು ಪುನಃ ಸೂತ್ರ ತಿರುವ್ತಾ ಕೂತೆ. ಆಚಾರ್ರು ಮಾತ್ರ, "ಸ್ವಾಮಿ, ಮನೇಲಿ ರಾಗಿ ಐತಾ?" ಅಂದ್ರು. ಸ್ಪೀಕರ್ ಬಿಚ್ಚಿ, ಪೈಪಿನ ಬಾಯಿಗೆ ಬಟ್ಟೆ ತುರುಕಿ, ಲೀಟರ್ ಅಳತೆಯಲ್ಲಿ ರಾಗಿ ಸುರೀತಾ ಹೋದರು. 35ಕ್ಕೆ ಡಬ್ಬಿ ಭರ್ತಿ! ನಾನು ಹೊರಗಿನ ಅಳತೆ ಹಿಡಿದಿದ್ದೆ. 18 ಮಿ.ಮೀ. ಪ್ಲೈವುಡ್ ಎರಡೂ ಕಡೆ ತಿಂದು ಹಾಕಿತ್ತು. ಸ್ಪೀಕರ್‌ನ ಹಿಂಭಾಗಕ್ಕೆ ಇನ್ನೆರಡು ಲೀಟರ್ ಕಳೆದರೆ 33. ಅಂದರೆ 35 ಹರ್ಟ್ಸ್‌ಗೆ ಕೂರಬೇಕಾದ್ದು 43ಕ್ಕೆ ಕೂತಿತ್ತು. ಅಮ್ಮನ ಕೊಡದಲ್ಲಿ ನೀರು ಏರಿದ ಹಾಗೇ! (ಆ ರಾಗಿಯಿಂದ ಮರದ ಪುಡಿ ಆರಿಸಿದ್ದು ನಾನೇ, ಶಿಕ್ಷೆ.)

ಭುಸ್‌ಗುಟ್ಟುವುದಕ್ಕೆ ಕಾರಣ ತೂತಿನ ಅಗಲ. ಕಿರಿದಾದ ಪೈಪಲ್ಲಿ ಗಾಳಿ ಜೋರಾಗಿ ಓಡಬೇಕು. ಸೆಕೆಂಡಿಗೆ ಸುಮಾರು 17 ಮೀಟರ್ ದಾಟಿದರೆ ಸದ್ದು ಕೇಳೋಕೆ ಶುರು ಅನ್ನೋದು ರೂಢಿಯ ಲೆಕ್ಕ. ಹಾಗಂತ ಅಗಲ ಮಾಡೋಣ ಅಂದರೆ, 50 ಲೀಟರಿಗೆ 4 ಇಂಚಿನ ಎರಡು ಪೈಪ್ ಹಾಕಿದರೆ ಒಂದೊಂದೂ ಸುಮಾರು 70 ಸೆಂ.ಮೀ. ಇರಬೇಕು! ಪೈಪುಗಳೇ 11 ಲೀಟರ್ ನುಂಗುತ್ತವೆ. ಅದಕ್ಕೆ ಡಬ್ಬಿ ಹಿಗ್ಗಿಸಿದರೆ ಗಾಲಿಕುರ್ಚಿ ಹೊರಗೆ. ಡಬ್ಬಿ ಒಂದು ಲೆಕ್ಕ, ತೂತು ಇನ್ನೊಂದು ಲೆಕ್ಕ ಅಲ್ಲವೇ ಅಲ್ಲ, ಎರಡೂ ಸೇರಿ ಒಂದೇ ಚೌಕಾಸಿ. ಕೆಎಲ್‌ಎಚ್ ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರಾದ ಹಾಫ್‌ಮನ್ ಇದನ್ನೇ ಹೇಳಿದ್ದು: ಚಿಕ್ಕ ಡಬ್ಬಿ, ಆಳದ ಸ್ವರ, ಕಮ್ಮಿ ಕರೆಂಟಲ್ಲಿ ಜೋರು ಸದ್ದು.. ಮೂರರಲ್ಲಿ ಎರಡು ಆರಿಸ್ಕೊಳ್ಳಿ, ಮೂರನೆಯದು ಸಿಗಲ್ಲ.

ಕೊನೆಗೆ ನಮ್ಮನ್ನ ಉಳಿಸಿದ್ದು 1954. ಆ ವರ್ಷ ಅಮೆರಿಕದ ಎಡ್ಗರ್ ವಿಲ್ಚರ್, ಚಿಕ್ಕ ಡಬ್ಬಿಯನ್ನ ಪೂರ್ತಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಥರ ಬಳಸಿದ ಸ್ಪೀಕರ್ ತಂದಿದ್ದರು. ಕಾರಲ್ಲಿ ಇದಕ್ಕೆ ಇನ್ನೊಂದು ಅನುಕೂಲ ಇದೆ. ಕಿಟಕಿ ಏರಿಸಿದ ಪುಟ್ಟ ಜಾಗದಲ್ಲಿ ಸುಮಾರು 60 ಹರ್ಟ್ಸ್ ಕೆಳಗಿನ ಸದ್ದು ತಾನಾಗೇ ಹಿಗ್ಗುತ್ತೆ. ಸದ್ದಿನ ಜೋರು ಸ್ವಲ್ಪ ಬಿಟ್ಟುಕೊಟ್ಟೆವು, ಅಪ್ಪನಿಗೆ ಜೋರು ಬೇಕಾಗೂ ಇರಲಿಲ್ಲ. "ಆ ತೂತಿನ ಸಹವಾಸವೇ ಬ್ಯಾಡ ಬಿಡಿ" ಅಂತ ಆಚಾರ್ರು ಪೈಪ್ ಕಿತ್ತು ಪ್ಲೈವುಡ್ ಬಿಲ್ಲೆ ಬಡಿದರು. ಅದೇ ಡಬ್ಬಿ, ಅದೇ ಸ್ಪೀಕರ್.

ಮುಂದಿನ ತಿಂಗಳು ತರೀಕೆರೆ ದಾಟೋವಾಗ ಕನ್ನಡಿಯಲ್ಲಿ ನೋಡಿದೆ. ಅಪ್ಪನ ಸರಿಯಿರೋ ಕೈ ತೊಡೆ ಮೇಲೆ ಗತ್ತು ಹಾಕ್ತಿತ್ತು. ಡಿಕ್ಕಿಯಲ್ಲಿ ಡಬ್ಬಿ, ಪಕ್ಕದಲ್ಲೇ ಗಾಲಿಕುರ್ಚಿ.

ನೀವೂ ಡಬ್ಬಿ ಮಾಡಿಸೋರಿದ್ದರೆ ಒಳಗಿನ ಅಳತೆ ತಗೊಳ್ಳಿ, ತೂತಿಗೂ ಜಾಗ ಲೆಕ್ಕ ಹಿಡೀರಿ. ಅನುಮಾನ ಬಂದರೆ ಮನೇಲಿ ರಾಗಿ ಇದ್ದೇ ಇರುತ್ತಲ್ಲ :)