ನಿಧಾನ ಪರೀಕ್ಷೆ (ತಂತ್ರಾಂಶ)

ಫಲಿತಾಂಶಕ್ಕೆ ಕಾದು ಬೇಸತ್ತು, ಕೋಡ್ ಬರೆಯುವವರು ಓಡಿಸುವುದನ್ನೇ ಬಿಟ್ಟುಬಿಡುವಷ್ಟು ಹೊತ್ತು ಹಿಡಿಯುವ ಸ್ವಯಂಚಾಲಿತ ಪರೀಕ್ಷೆ. ಎಲ್ಲರೂ ಒಪ್ಪಿದ ಮಿತಿಯೇನೂ ಇಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗ ತೆಗೆದುಕೊಳ್ಳುವ ಯೂನಿಟ್ ಟೆಸ್ಟ್ (ಕೋಡಿನ ಸಣ್ಣ ತುಣುಕಿನ ಪರೀಕ್ಷೆ) ಕೂಡ ನಿಧಾನದ್ದೇ ಎಂದು ತಂತ್ರಾಂಶ ತಜ್ಞ ಮೈಕೆಲ್ ಫೆದರ್ಸ್ 2004ರ ತಮ್ಮ ಪುಸ್ತಕದಲ್ಲಿ ಹೇಳಿದರು. ಅತಿಯಾಯಿತು ಅನ್ನಿಸಬಹುದು, ಆದರೆ ಅಂಥ 3,000 ಪರೀಕ್ಷೆಗಳು ಒಂದರ ಹಿಂದೊಂದು ಓಡಿದರೆ 5 ನಿಮಿಷ ಹೋಯಿತು. ಇನ್ನೊಬ್ಬ ತಂತ್ರಾಂಶ ತಜ್ಞ ಕೆಂಟ್ ಬೆಕ್ ಮಿತಿ ಹಾಕಿದ್ದು ಕೋಡನ್ನು ತಂತ್ರಾಂಶವಾಗಿ ಜೋಡಿಸುವ ಇಡೀ ಬಿಲ್ಡ್‌ಗೆ: ಪರೀಕ್ಷೆಗಳೂ ಸೇರಿ 10 ನಿಮಿಷ. ವಿಳಂಬಕ್ಕೆ ಸಾಮಾನ್ಯವಾಗಿ ಡೇಟಾಬೇಸ್, ನೆಟ್‌ವರ್ಕ್‌ಗಳೇ ಕಾರಣ. ಯಾರೋ ಸೇರಿಸಿ ಮರೆತ, ಸುಮ್ಮನೆ ಕಾಯಿಸುವ ‘ಸ್ಲೀಪ್’ ಸಾಲುಗಳೂ ಉಂಟು. ಪರೀಕ್ಷೆ ಓಡಿಸುವ ಸಾಧನವಾದ ಪೈಟೆಸ್ಟ್‌ನ ‘ಡ್ಯುರೇಷನ್ಸ್’ ಆಯ್ಕೆ ಅತಿ ನಿಧಾನದವನ್ನು ಪಟ್ಟಿ ಮಾಡಿಕೊಡುತ್ತದೆ. ಬ್ರೌಸರ್ ತೆರೆದು ನಡೆಸುವ ಪರೀಕ್ಷೆಗಳಿಗೆ ಫೆದರ್ಸ್ ಅಳತೆ ಅನ್ವಯಿಸದು. ಹಲವು ತಂಡಗಳು ಅವನ್ನು ಬೇರೆಯಾಗಿಟ್ಟು ರಾತ್ರಿ ಓಡಿಸುತ್ತವೆ.